ಸೊನ್ನೆಯಿಂದ ಬಲಕ್ಕೆ

ಮೊದಲಾದರೆ ಒಂದು ಚಿತ್ರಕ್ಕೆ ಒಂದು ರಾತ್ರಿ.
ಆಕಾಶದ ಅಂಚನ್ನು ಮೌಸಿನಲ್ಲಿ ಕೊರೆದು,
ಕ್ರೇನಿನ ಒಂದೊಂದು ಸರಳಿಗೂ ಗೆರೆಯ ಬೇಲಿ ಹಾಕಿ,
ಪದರದ ಮೇಲೆ ಪದರ ಹೊದಿಸಿ,
ಕಂಪ್ಯೂಟರು ಉಸಿರು ಕಟ್ಟಿ ನಿಂತಾಗ
ಚಹಾ ಕಾಸಿ, ಉಪ್ಪು ಹೆಚ್ಚಾಯಿತೆಂದು ನನ್ನನ್ನೇ ಬೈದುಕೊಂಡು,
ಮತ್ತೆ ಕೂತು,
ಬೆಳಗಿನ ಜಾವಕ್ಕೆ ಉಲಾನ್‌ಬಾತರಿನ ಮೇಲೆ
ಅಂಗೈಯಗಲ ನೀಲಿ.

ಈಗ ಹೊಸ ಆವೃತ್ತಿ ಬಂದಿದೆ.
ಸೊನ್ನೆಯಲ್ಲಿ ನಿಂತ ಪುಟ್ಟ ಗುಂಡಿ.
ಬಲಕ್ಕೆ ಎಳೆದರೆ ಮಬ್ಬು ಹರಿಯುತ್ತದೆ,
ಅಷ್ಟೆ.
ಹಾಲಿನ ಕೆನೆ ಸರಿಸಿದ ಹಾಗೆ.
ಬೊಗ್ದ್ ಖಾನ್ ಬೆಟ್ಟ ಎದ್ದು ಕೂರುತ್ತದೆ,
ಅದರ ಪೈನ್ ಮರಗಳನ್ನು ಬೇಕಾದರೆ ಎಣಿಸಿಕೊಳ್ಳಿ.
ನಲವತ್ತು ಚಿತ್ರ, ಒಂದೇ ಏಟಿಗೆ.
ಊಟಕ್ಕೆ ಮುಂಚೆಯೇ ಮುಗಿಯಿತು ಎಂದುಬಿಟ್ಟೆ, ಹುಚ್ಚಿ;
ಊಟವಾದ ಮೇಲೆ ಯಜಮಾನ ಗಾನ್‌ಸುಖ್
ಇನ್ನೂರು ಕಳಿಸಿದ.

ನಾವು ಮಾರುವುದು ಮನೆಯನ್ನಲ್ಲ, ಕಿಟಕಿಯಾಚೆಯದನ್ನು.
ಹದಿನಾರನೇ ಮಹಡಿ, ಮೂರು ಕೋಣೆ,
ಜನವರಿಯ ಮೈನಸ್ ಮೂವತ್ತೊಂದರಲ್ಲಿ ಹಿಡಿದ ನೋಟ.
ಕೊಳ್ಳುವವರಿಗೂ ಗೊತ್ತು.
ಚಿತ್ರ ನೋಡುತ್ತಲೇ ಮೂಗಿನ ಮೇಲೆ ಮಾಸ್ಕು ಬಿಗಿದುಕೊಳ್ಳುತ್ತಾರೆ.
ಮುಂಗಡವನ್ನೂ ಕೊಡುತ್ತಾರೆ.
ಯಾರಿಗೂ ಯಾರೂ ಸುಳ್ಳು ಹೇಳಿಲ್ಲ, ನೋಡಿ.

ಇವತ್ತಿನದು ಉತ್ತರದ ಬಾಲ್ಕನಿ.
ಮೊದಲಿಗೆ ಏನೂ ಇಲ್ಲ. ಬೂದಿ ಬಣ್ಣದ ಕಂಬಳಿ.
ಇಪ್ಪತ್ತಕ್ಕೆ ಎಳೆದೆ: ಒಂದು ದಿಬ್ಬ.
ನಲವತ್ತು: ಹಲಗೆ ಬೇಲಿಗಳು, ಮುರುಕು ಬಾಚಣಿಗೆಯ ಹಲ್ಲಿನಂತೆ.
ಅರವತ್ತು: ಬೇಲಿಯೊಳಗೆ ಉಣ್ಣೆಯ ದುಂಡುಮನೆಗಳು,
ನೆತ್ತಿಯಲ್ಲೊಂದು ಕೊಳವೆ.
ಎಂಬತ್ತು:
ನೀಲಿ ಗೇಟು, ಅದಕ್ಕೆ ಒರಗಿಸಿಟ್ಟ ಟಯರು.
ಆ ಟಯರು ಒರಗಿಸಿದ್ದು ನಾನೇ,
ಅಕ್ಟೋಬರಿನಲ್ಲಿ, ಗಾಳಿಗೆ ಗೇಟು ಬಡಿಯುತ್ತದೆಂದು.

ಬಾಯನ್‌ಖೋಶೂ. ನಮ್ಮ ಓಣಿ.
ಹನ್ನೊಂದು ಚಳಿಗಾಲಗಳಲ್ಲಿ ಒಮ್ಮೆಯೂ
ನಮ್ಮ ಮನೆಯನ್ನು ಇಷ್ಟು ದೂರದಿಂದ ಕಂಡವಳಲ್ಲ ನಾನು.

ನೂರು.
ಗೇಟಿನ ತುಕ್ಕು ಕೂಡ ಕಂಡಿತು.
ಕೊಳವೆಯ ಮೇಲೆ ಹೊಗೆಯಿಲ್ಲ.
ನಮ್ಮದರ ಮೇಲಿಲ್ಲ, ಪಕ್ಕದ ದುಲ್ಮಾ ಅಜ್ಜಿಯದರ ಮೇಲಿಲ್ಲ,
ದಿಬ್ಬದ ತುಂಬ ಒಲೆ ಆರಿದ ಮನೆಗಳು.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರಲ್ಲ,
ಹಾಗಾದರೆ ಹೊಗೆ ಅಳಿಸಿದವಳು
ಏನೇನನ್ನು ಅಳಿಸಿದಳು?

ಕೈ ತಾನಾಗಿ ಫೋನಿಗೆ ಹೋಯಿತು.
"ಅಮ್ಮಾ, ಒಲೆ ಉರಿಯುತ್ತಿದೆಯಾ?"
"ಉರಿಯದೆ ಮತ್ತೆ? ಮಗು ಈಗ ಮಲಗಿತು. ಕೆಮ್ಮು ಹಾಗೇ ಇದೆ.
ಬರುವಾಗ ಇದ್ದಿಲುಂಡೆ ಒಂದು ಚೀಲ ತಾ.
ಯಾಕೆ ಕೇಳಿದೆ?"
"ಸುಮ್ಮನೆ."

ಹೋದ ವಾರ ಆಟಕ್ಕೆಂದು, ತಮ್ಮ ಕಳಿಸಿದ್ದ ಚಿತ್ರಕ್ಕೆ,
ಜುಲೈ ತಿಂಗಳ ಅರ್ಖಾಂಗಾಯ್, ಕುದುರೆ, ಹುಲ್ಲು,
ಇದೇ ಗುಂಡಿ ಎಳೆದು ನೋಡಿದ್ದೆ.
ತೆಗೆಯಲು ಮಬ್ಬು ಸಿಗದೆ
ಅದು ಆಕಾಶವನ್ನೇ ತಿನ್ನತೊಡಗಿತು.
ನೀಲಿ ಕಪ್ಪಾಯಿತು, ಕುದುರೆಯ ಕಣ್ಣು ಗುಳಿಯಾಯಿತು.
ಗಾಬರಿಯಿಂದ ಸೊನ್ನೆಗೆ ತಂದೆ.

ಈಗ ಉತ್ತರದ ಬಾಲ್ಕನಿಗೆ ಮರಳಿ,
ಕುಂಚ ಚಿಕ್ಕದು ಮಾಡಿ,
ಒಂದೇ ಕೊಳವೆಯ ಮೇಲೆ
ಹೆಬ್ಬೆರಳಿನಷ್ಟು ಹೊಗೆ ವಾಪಸು ಇಟ್ಟೆ.
ಅದೂ ಎಷ್ಟು ಬೇಗ! ಅರೆ ನಿಮಿಷ ಕೂಡ ಆಗಲಿಲ್ಲ.

ಉತ್ತರವೂ ಬೇಗನೆ ಬಂತು:
"ಎಡಗಡೆ, ಗೇಟಿನ ಮೇಲೆ, ಏನದು ಮಸಿ?"
ನಮ್ಮಮ್ಮ ಒಲೆಗೆ ಉಂಡೆ ಹಾಕಿದ್ದಾಳೆ
ಎಂದು ಬರೆದು, ಅಳಿಸಿ,
"ಮೋಡ" ಎಂದು ಬರೆದೆ.
"ಮೋಡವಾದರೆ ಇರಲಿ," ಅಂದ ಗಾನ್‌ಸುಖ್,
"ಚೆನ್ನಾಗಿದೆ."